ಟೊಮೆಟೊ ಗಿಡಗಳಿಗೆ ಎರೆಜಲ ಸಿಂಪಡಿಸುವ ಕ್ರಮ

ಎರೆಹುಳುಗಳು ಕೊಳೆತ ಸಾವಯವ ಪದಾರ್ಥವನ್ನು ತಿಂದು ಹೊರಹಾಕಿದ ಗೊಬ್ಬರದ ಮೂಲಕ ನೀರನ್ನು ನಿಧಾನವಾಗಿ ಇಳಿಸಿ ಸಂಗ್ರಹಿಸುವ ದ್ರವವೇ ಎರೆಜಲ. ಅದರಲ್ಲಿ ಗಿಡಗಳು ಸುಲಭವಾಗಿ ಹೀರಿಕೊಳ್ಳಬಲ್ಲ ಪೋಷಕಾಂಶಗಳೂ ಉಪಯುಕ್ತ ಸೂಕ್ಷ್ಮಜೀವಿಗಳೂ ಇರುತ್ತವೆ. ದುರ್ವಾಸನೆ ಬೀರುವ ದ್ರವವನ್ನು ಮಾತ್ರ ಬಳಸಲೇಬಾರದು. ಅದು ಗಾಳಿಯಿಲ್ಲದೆ ಕೊಳೆತಿರುವುದರ ಸೂಚನೆ.

ಒಂದು ಲೀಟರ್ ಎರೆಜಲಕ್ಕೆ ಸುಮಾರು 10 ಲೀಟರ್ ನೀರು ಬೆರೆಸಿ, ಸಿಂಪರಣಾ ಯಂತ್ರದ ಮೂತಿ ಕಟ್ಟಿಕೊಳ್ಳದಂತೆ ತೆಳುಬಟ್ಟೆಯಲ್ಲಿ ಸೋಸಬೇಕು. ಕ್ಲೋರಿನ್ ಸೇರಿಸಿದ ನಲ್ಲಿನೀರು ಸೂಕ್ಷ್ಮಜೀವಿಗಳಿಗೆ ಮಾರಕವಾದುದರಿಂದ ಅದನ್ನು ಒಂದು ರಾತ್ರಿ ತೆರೆದ ಪಾತ್ರೆಯಲ್ಲಿಟ್ಟು ಬಳಸುವುದು ಲೇಸು. ಸಸಿ ನಾಟಿ ಮಾಡಿ ಬೇರು ಹಿಡಿದ ಬಳಿಕ, ಎರಡು ವಾರಗಳಿಗೊಮ್ಮೆ, ಬಿಸಿಲೇರುವ ಮೊದಲು, ಎಲೆಗಳ ಎರಡೂ ಬದಿ ತೋಯುವಂತೆ ಸಿಂಪಡಿಸಬೇಕು. ಮುಂಜಾನೆಯೇ ಉತ್ತಮವೆಂದು ನನ್ನ ಅಭಿಪ್ರಾಯ, ಏಕೆಂದರೆ ರಾತ್ರಿಯಿಡೀ ಒದ್ದೆಯಾಗಿರುವ ಎಲೆಗಳು ಅಂಗಮಾರಿ ರೋಗಕ್ಕೆ ದಾರಿಮಾಡಿಕೊಡುತ್ತವೆ. ಹಣ್ಣಾಗುತ್ತಿರುವ ಕಾಯಿಗಳ ಮೇಲೆ ಸಿಂಪಡಿಸುವ ಬದಲು ಆ ಹಂತದಲ್ಲಿ ದ್ರಾವಣವನ್ನು ಬುಡಕ್ಕೆ ಸುರಿಯಬೇಕು. ಕೊಯ್ದ ಹಣ್ಣನ್ನು ಚೆನ್ನಾಗಿ ತೊಳೆಯಬೇಕು.

ಎರೆಜಲವು ಗಿಡದ ಕಸುವನ್ನು ಹೆಚ್ಚಿಸಬಲ್ಲದೇ ಹೊರತು ಕೀಟನಾಶಕವಲ್ಲ. ಬಿಳಿನೊಣ ಹೆಚ್ಚಿದ್ದರೆ ಬೇವಿನೆಣ್ಣೆಯ ದ್ರಾವಣವನ್ನು ಪ್ರತ್ಯೇಕವಾಗಿ ಸಿಂಪಡಿಸಬೇಕು, ಅಂಗಮಾರಿ ತಗುಲಿದ ಎಲೆಗಳನ್ನು ಕಿತ್ತು ತೋಟದಿಂದ ದೂರ ಸಾಗಿಸಬೇಕು.