ಗದಗ–ಹುಬ್ಬಳ್ಳಿ, ದಿನಕ್ಕೆ 120 ಕಿಲೋಮೀಟರ್: ಹಳೆ ಕಾರು ಆರಿಸಿದ ಬಗೆ

ಗದಗದಿಂದ ಅಣ್ಣಿಗೇರಿ ಮೇಲೆ ಹುಬ್ಬಳ್ಳಿಗೆ ಹೋಗಿ ಬಂದರೆ ಹತ್ತಿರ ಹತ್ತಿರ 120 ಕಿಲೋಮೀಟರ್. ತಿಂಗಳಿಗೆ 25 ದಿನ ಅಂದರೆ 3,000, ವರ್ಷಕ್ಕೆ 36,000. ಇಷ್ಟು ಓಡಿಸುವವನಿಗೆ ಕಾರಿನ ಬೆಲೆ ಎರಡನೇ ಮಾತು. ಎರಡು ವರ್ಷದಲ್ಲಿ ಎಣ್ಣೆ, ಟೈರು, ಗ್ಯಾರೇಜಿಗೆ ಹೋಗುವ ದುಡ್ಡು ಸೆಕೆಂಡ್ ಹ್ಯಾಂಡ್ ಗಾಡಿಯ ಬೆಲೆಯ ಹತ್ತಿರ ಬಂದು ನಿಲ್ಲುತ್ತದೆ. ಅದಕ್ಕೇ ಗಾಡಿ ನೋಡುವ ಮೊದಲು ಎಣ್ಣೆಯ ಲೆಕ್ಕ ಹಾಕಿದೆ.

ಪೆಟ್ರೋಲು ಲೀಟರಿಗೆ 103, ಡೀಸೆಲ್ಲು 91 ರೂಪಾಯಿ ಅಂತ ಹಿಡಿದೆ. ಎವರೇಜು ಕಂಪನಿ ಹೇಳಿದ್ದಲ್ಲ, ಎಸಿ ಹಾಕಿ ಓಡಿಸಿದಾಗ ಸಿಗುವುದು: ಲೀಟರ್ ಪೆಟ್ರೋಲಿಗೆ 18 ಕಿಲೋಮೀಟರ್, ಡೀಸೆಲ್ಲಿಗೆ 22. ತಿಂಗಳ ಖರ್ಚು ಪೆಟ್ರೋಲಿಗೆ ಸುಮಾರು 17,200, ಡೀಸೆಲ್ಲಿಗೆ 12,400. ವರ್ಷಕ್ಕೆ 57,000 ಉಳಿತಾಯ. ಡೀಸೆಲ್ ಗಾಡಿಯ ಸರ್ವೀಸು ತುಸು ದುಬಾರಿಯಾದರೂ, ನಡುವೆ ಒಮ್ಮೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಕೆಲಸ ಬಂದರೂ ಲೆಕ್ಕ ಡೀಸೆಲ್ಲಿನ ಕಡೆಗೇ ವಾಲುತ್ತದೆ. ಹುಬ್ಬಳ್ಳಿ–ಧಾರವಾಡ ಓಡಾಡುವವರಿಗೆ ಇದೇ ಲೆಕ್ಕ ಉಲ್ಟಾ. ದಿನಕ್ಕೆ 40 ಕಿಲೋಮೀಟರ್, ತಿಂಗಳಿಗೆ ಸಾವಿರ. ಉಳಿಯುವುದು ಬರೀ 1,600 ರೂಪಾಯಿ. ಅವರು ಪೆಟ್ರೋಲ್ ಗಾಡಿ ತಗೊಂಡು ಸುಮ್ಮನಿರುವುದು ಒಳ್ಳೆಯದು.

ಸಿಎನ್‌ಜಿ ಇನ್ನೂ ಅಗ್ಗ, ನಿಜ. ಆದರೆ ವ್ಯಾಗನ್ಆರ್‌ನಂಥ ಗಾಡಿಯ 60 ಲೀಟರ್ ಸಿಲಿಂಡರಿನಲ್ಲಿ ಕೂಡುವುದು 8–9 ಕೆಜಿ. ಎರಡು ದಿನಕ್ಕೊಮ್ಮೆಯಾದರೂ ತುಂಬಿಸಲೇಬೇಕು. ಪಂಪು ನೀವು ಹೋಗುವ ದಾರಿಯಲ್ಲೇ, ಹೋಗುವ ಮಗ್ಗುಲಲ್ಲೇ ಇದ್ದು ಸಾಲು ಚಿಕ್ಕದಿದ್ದರೆ ಮಾತ್ರ ಇದು ಹೊಂದುತ್ತದೆ. ಸಂಜೆ ಪ್ರೆಷರ್ ಇಳಿದರೆ ಮುಕ್ಕಾಲೇ ತುಂಬುತ್ತದೆ. ಹಳೆ ಸಿಎನ್‌ಜಿ ಗಾಡಿ ನೋಡುವುದಾದರೆ ಸಿಲಿಂಡರಿನ ಹೈಡ್ರೊ ಟೆಸ್ಟ್ (ನೀರಿನ ಒತ್ತಡ ಹಾಕಿ ನೋಡುವ ಪರೀಕ್ಷೆ) ಆಗಿ ಮೂರು ವರ್ಷ ದಾಟಿದೆಯೋ, ಆರ್‌ಸಿಯಲ್ಲಿ ಸಿಎನ್‌ಜಿ ನಮೂದಾಗಿದೆಯೋ ಎರಡನ್ನೂ ನೋಡಿ.

ಯಾವ ಡೀಸೆಲ್ಲು? ನಾನು ನೆಚ್ಚಿದ್ದು ಫಿಯಾಟ್ ಮೂಲದ 1.3 ಲೀಟರ್ (1248 ಸಿಸಿ) ಎಂಜಿನ್ನು. ಸ್ವಿಫ್ಟ್, ಡಿಜೈರ್, ಟಾಟಾ ವಿಸ್ಟಾ, ಪುಂಟೊ ಎಲ್ಲದರಲ್ಲೂ ಇದೇ ಇದ್ದದ್ದರಿಂದ ಗದಗದ ಮಿಸ್ತ್ರಿಗಳಿಗೂ ಇದರ ಒಳಹೊರಗು ಗೊತ್ತು, ಸಾಮಾನು ಅದೇ ದಿನ ಸಿಗುತ್ತದೆ. 2020ರ ಏಪ್ರಿಲ್‌ಗೆ ಬಿಎಸ್ 6 ಅನ್ನುವ ಹೊಸ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಹಾಗಾಗಿ 2017–19ರದ್ದು ಹುಡುಕಿದೆ. ಬಿಎಸ್ 6 ಡೀಸೆಲ್ ಗಾಡಿ ಬೇಡ ಅನ್ನುವುದಿಲ್ಲ. ಅದರಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ; ಉದ್ದ ಓಟದಲ್ಲಿ ಆ ಮಸಿ ಉರಿದು ತಾನೇ ಖಾಲಿಯಾಗುತ್ತದೆ. ಊರೊಳಗೇ ಮೂರು ನಾಲ್ಕು ಕಿಲೋಮೀಟರಿನ ತಿರುಗಾಟದಲ್ಲಿದ್ದ ಗಾಡಿಯಾದರೆ ಅದು ಕಟ್ಟಿರುತ್ತದೆ, ಬದಲಿಸುವ ಖರ್ಚು ಭಾರಿ. ಫೋರ್ಡ್ ಡೀಸೆಲ್ಲು ಓಡಿಸಲು ಸೊಗಸು. ಆದರೆ ಆ ಕಂಪನಿ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಸಾಮಾನಿಗೆ ಕಾಯುತ್ತ ಕೂತರೆ ಡ್ಯೂಟಿಗೆ ಹೋಗುವುದು ಹೇಗೆ?

ಓಡಿದ ಕಿಲೋಮೀಟರಿನ ಬಗ್ಗೆ ಏಜೆಂಟರ ಮಾತಿಗೂ ನನ್ನ ಲೆಕ್ಕಕ್ಕೂ ಅಂತರ ಬಹಳ. ಏಳು ವರ್ಷದ ಡೀಸೆಲ್ ಗಾಡಿ 45,000 ತೋರಿಸಿದರೆ ನನಗೆ ಮೊದಲು ಬರುವುದು ಸಂಶಯ. ಓಡಿಸಲಿಕ್ಕೆಂದೇ ಡೀಸೆಲ್ ತಗೊಂಡವನು ವರ್ಷಕ್ಕೆ ಆರು ಸಾವಿರ ಓಡಿಸಿದನೇ? ಮೀಟರ್ ಹಿಂದೆ ತಿರುಗಿಸಿರಬೇಕು, ಇಲ್ಲವೇ ನಿಂತು ನಿಂತು ರಬ್ಬರ್ ಪೈಪು, ಬೆಲ್ಟು, ಎಸಿ ಸೀಲುಗಳು ಒಣಗಿರಬೇಕು. ಹೈವೇ ಮೇಲೆ 1,10,000 ಓಡಿ, ಸರ್ವೀಸಿನ ದಾಖಲೆ ಸಾಲಾಗಿ ಇರುವ ಗಾಡಿಯೇ ಲೇಸು. ಕಂಪನಿ ಸರ್ವೀಸ್ ಸೆಂಟರಿಗೆ ಮಾಲೀಕನನ್ನೇ ಕರೆದುಕೊಂಡು ಹೋದರೆ ಗಾಡಿ ನಂಬರಿನ ಮೇಲೆ ಇತಿಹಾಸ ತೆಗೆದುಕೊಡುತ್ತಾರೆ. ಬ್ರೇಕ್ ಪೆಡಲಿನ ರಬ್ಬರು, ಸ್ಟೇರಿಂಗಿನ ಹೊಳಪು, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಇವು ಸುಳ್ಳು ಹೇಳುವುದಿಲ್ಲ. ಟೈರಿನ ಮೇಲಿನ ನಾಲ್ಕು ಅಂಕಿಯನ್ನೂ ಓದಿ: 2318 ಅಂದರೆ 2018ರ 23ನೇ ವಾರ. ಗಾಡಿ 2018ರದ್ದು, ಮೀಟರ್ 40,000, ಆದರೆ ನಾಲ್ಕೂ ಟೈರು 2021ರವು ಅಂದರೆ ಮೊದಲ ಜೋಡಿ ಎಲ್ಲಿ ಸವೆಯಿತು ಅಂತ ಕೇಳಬೇಕಾಗುತ್ತದೆ.

ಗಾಡಿ ನೋಡಲು ಬೆಳಿಗ್ಗೆಯೇ ಹೋಗುತ್ತಿದ್ದೆ, "ನಾ ಬರೋ ತನಕ ಸ್ಟಾರ್ಟ್ ಮಾಡಬ್ಯಾಡ್ರಿ" ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ. ಬಿಸಿ ಇದ್ದರೆ ಆ ದಿನದ ಪರೀಕ್ಷೆ ಅಲ್ಲಿಗೆ ಮುಗಿಯಿತು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಈ 1.3 ಎಂಜಿನ್ನಿನ ದೊಡ್ಡ ರೋಗ ಕಿವಿಗೆ ಬೀಳುತ್ತದೆ. ಮೊದಲ ಎರಡು ಮೂರು ಸೆಕೆಂಡು ಗಡಗಡ ಸರಪಳಿ ಎಳೆದಂತೆ ಸದ್ದು ಬಂದರೆ ವಾಲ್ವುಗಳನ್ನು ತಾಳಕ್ಕೆ ತೆರೆದು ಮುಚ್ಚಿಸುವ ಟೈಮಿಂಗ್ ಚೈನು ಜಗ್ಗಿದೆ, ಇಲ್ಲವೇ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಸೋತಿದೆ. ಆಯಿಲ್ ಬದಲಿಸುವುದನ್ನು ಮುಂದೂಡಿದವರ ಗಾಡಿಯಲ್ಲಿ ಇದು ಬೇಗ ಬರುತ್ತದೆ. ಚೈನು ಹಲ್ಲು ಜಾರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಅಲ್ಲಿಗೆ ಹೆಡ್ಡಿನ ಕೆಲಸ.

ಹೊಗೆ ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ ತಂಪು ಮಾಡುವ ಕೂಲಂಟ್ ಒಳಗೆ ಹೋಗುತ್ತಿರಬಹುದು, ಇಂಜೆಕ್ಟರೂ ಇರಬಹುದು. ಎಂಜಿನ್ ನಡೆಯುತ್ತಿರುವಾಗ ಆಯಿಲ್ ಮುಚ್ಚಳ ಬಿಚ್ಚಿ ಅಲ್ಲೇ ತಲೆಕೆಳಗಾಗಿ ಸುಮ್ಮನೆ ಇಡಿ. ತುಸು ನಡುಗುವುದು ಸಹಜ. ಎಗರಿ ಬಿದ್ದರೆ ಪಿಸ್ಟನ್ ರಿಂಗು ಸವೆದಿವೆ. ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಅಂಟು ಕಂಡರೆ ಹೆಡ್ ಗ್ಯಾಸ್ಕೆಟ್ ಮೇಲೆ ಕಣ್ಣಿಡಿ. ಇಂಟರ್‌ಕೂಲರ್ ಪೈಪಿನ ಕೂಡಿಕೆಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದ್ದರೆ, ರೇಸ್ ಮಾಡಿದಾಗ ಸೈರನ್ನಿನಂತೆ ಕೂಗಿದರೆ ಟರ್ಬೊ ದುರಸ್ತಿಯ ಹಣ ಬೆಲೆಯಲ್ಲಿ ಕಳೆಯಿರಿ.

ನಮ್ಮ ಕಡೆ ವಿಶೇಷವಾಗಿ ನೋಡಬೇಕಾದದ್ದು ರೇಡಿಯೇಟರು. ಕೂಲಂಟ್ ಬದಲು ಬೋರಿನ ಸವಳು ನೀರು ಹಾಕುತ್ತ ಬಂದ ಗಾಡಿಗಳು ರಗಡ ಇವೆ. ಡಬ್ಬಿಯೊಳಗಿನ ನೀರು ಕಂದು ಬಣ್ಣವಿದ್ದರೆ ಒಳಗೆ ತುಕ್ಕು, ಸುಣ್ಣದ ಪದರ ಎರಡೂ ಇವೆ ಅಂತಲೇ. ಓಡುವಾಗ ಗೊತ್ತಾಗುವುದಿಲ್ಲ, ಗಾಳಿ ತಂಪು ಮಾಡುತ್ತಿರುತ್ತದೆ. ಬಿಸಿಲಲ್ಲಿ ಎಸಿ ಹಾಕಿ 15 ನಿಮಿಷ ನಿಂತಲ್ಲೇ ನಡೆಸಿ: ಫ್ಯಾನು ಬಂದು ಬಂದು ನಿಲ್ಲಬೇಕು, ಬಿಸಿ ಏರುತ್ತ ಹೋಗಬಾರದು.

ಪ್ರವಾಹದ ಗಾಡಿಗಳ ವಿಷಯವೂ ಇದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ, ಕೃಷ್ಣೆ ಉಕ್ಕಿದಾಗ ನಮ್ಮ ಜಿಲ್ಲೆಗಳಲ್ಲೂ ಕೊಲ್ಲಾಪುರ–ಸಾಂಗ್ಲಿಯಲ್ಲೂ ಎಷ್ಟೋ ಗಾಡಿ ಮುಳುಗಿದವು. ಸೀಟ್ ಬೆಲ್ಟನ್ನು ಕೊನೆತನಕ ಎಳೆಯಿರಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಯ ತುಕ್ಕು, ಸ್ಟೆಪ್ನಿ ಗುಂಡಿಯ ಮಣ್ಣು, ಕಾರ್ಪೆಟಿನ ಅಡಿಯ ವಾಸನೆ ಮುಂದಿನ ಸುಳಿವು. ಡಿಕ್ಕಿಯಾದ ಗಾಡಿಯಾದರೆ ಬಾನೆಟ್, ಫೆಂಡರ್ ಬೋಲ್ಟುಗಳ ಮೇಲಿನ ಬಣ್ಣ ಸ್ಪ್ಯಾನರ್ ತಾಗಿ ಒಡೆದಿರುತ್ತದೆ, ಬಾಗಿಲ ರಬ್ಬರ್ ಬಿಚ್ಚಿದರೆ ಕಂಪನಿಯ ವೆಲ್ಡಿಂಗ್ ಚುಕ್ಕಿಗಳ ಸಾಲು ಕೆಟ್ಟಿರುತ್ತದೆ.

ಟ್ರಯಲ್ಲನ್ನು ಊರೊಳಗೆ ಮಾಡಿದರೆ ಏನೂ ತಿಳಿಯುವುದಿಲ್ಲ. ಕನಿಷ್ಠ 25 ಕಿಲೋಮೀಟರ್ ಹೈವೇ ಬೇಕು. ಎರಿ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ನಮ್ಮ ರಸ್ತೆಗಳು ಅಲೆಯಲೆ. ಶಾಕಪ್ ಹೋದ ಗಾಡಿ 80ರಲ್ಲಿ ತೊಟ್ಟಿಲಿನಂತೆ ತೂಗುತ್ತದೆ. 80ಕ್ಕೆ ಸ್ಟೇರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್, ಸಣ್ಣ ಖರ್ಚು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕು. ತಿರುವಿನಲ್ಲಿ ಗುಂಯ್ ಸದ್ದು ಹೆಚ್ಚು ಕಡಿಮೆಯಾದರೆ ಬೇರಿಂಗು. ನಾಲ್ಕನೇ ಗೇರಿನಲ್ಲಿ 50ರಲ್ಲಿದ್ದಾಗ ಏರಿನ ಮೇಲೆ ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ ಏರಿ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ. 2,000 ಆರ್‌ಪಿಎಂ ಕೆಳಗೆ ಈ ಎಂಜಿನ್ನು ಮೊದಲಿಂದಲೂ ಮಂದ, ಅದನ್ನು ಕ್ಲಚ್ಚಿನ ದೋಷ ಅಂದುಕೊಳ್ಳಬೇಡಿ. ದಿನಾ ಎರಡೂವರೆ ತಾಸು ಕೂಡುವ ಸೀಟು ಅದು, ಟ್ರಯಲ್ ಮುಗಿಸಿ ಇಳಿದಾಗ ಸೊಂಟ ಏನು ಹೇಳುತ್ತದೆ ಅಂತಲೂ ಕೇಳಿ.

ಕಾಗದಪತ್ರ. ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಎಷ್ಟನೇ ಮಾಲೀಕ, ಸಾಲ ಇದೆಯೇ, ಚಲನ್ ಬಾಕಿ ಎಷ್ಟು ಎಲ್ಲ ಸಿಗುತ್ತದೆ. ಹಿಂದೆ ಯೆಲ್ಲೋ ಬೋರ್ಡ್ (ಬಾಡಿಗೆ ಗಾಡಿ) ಆಗಿತ್ತೇ ಅಂತಲೂ ವಿಚಾರಿಸಿ. ಸಾಲ ತೀರಿದ್ದರೂ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಇಲ್ಲದೆ ಸಾಲದ ನಮೂದು ಅಳಿಯುವುದಿಲ್ಲ. ಹೆಸರು ವರ್ಗಾವಣೆಗೆ ಫಾರ್ಮ್ 29, 30. ಗಾಡಿ ಕೆಎ 25, ಕೆಎ 63, ಕೆಎ 27 ಹೀಗೆ ಕರ್ನಾಟಕದ ಯಾವ ಪಾಸಿಂಗಿನದ್ದಾದರೂ ನಂಬರ್ ಅದೇ ಉಳಿಯುತ್ತದೆ. ಗೋವಾ ಪಾಸಿಂಗ್, ಎಂಎಚ್ ಪಾಸಿಂಗ್ ಗಾಡಿ ಅಗ್ಗ ಅಂತ ಬಿದ್ದರೆ ಎನ್‌ಒಸಿ, ಮರುನೋಂದಣಿ, ಮೇಲೆ ಇಲ್ಲಿಯ ಆಜೀವ ತೆರಿಗೆ; ಅಗ್ಗವೆಲ್ಲ ಅಲ್ಲೇ ಕರಗುತ್ತದೆ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ, ಹಳೆ ಮಾಲೀಕನ ಫಾಸ್ಟ್ಯಾಗ್ ತೆಗೆಸಿ.

ಕೊಂಡ ಮೇಲಿನ ಕೆಲಸಕ್ಕೆ 40,000 ಬೇರೆ ಇಟ್ಟಿದ್ದೆ. ಆಯಿಲು, ಮೂರೂ ಫಿಲ್ಟರು, ಕೂಲಂಟ್, ಬ್ರೇಕ್ ಫ್ಲೂಯಿಡ್, ಬೆಲ್ಟು ಮೊದಲ ವಾರದಲ್ಲೇ, ಉಳಿದದ್ದು ಟೈರಿಗೆ. 10,000ಕ್ಕೊಂದು ಸರ್ವೀಸು ಅಂದರೆ ಈ ಓಟಕ್ಕೆ ಮೂರು ತಿಂಗಳ ಮೇಲೆ ಹತ್ತು ದಿನ. ವರ್ಷಕ್ಕೊಮ್ಮೆ ಅನ್ನುವ ಲೆಕ್ಕ ಇಲ್ಲಿ ನಡೆಯದು. ಎರಿ ಧೂಳಿಗೆ ಏರ್ ಫಿಲ್ಟರನ್ನು 5,000ಕ್ಕೆ ಬಿಚ್ಚಿ ನೋಡುತ್ತೇನೆ. ಹೆಡ್‌ಲೈಟಿನ ಗಾಜು ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ ಒಳ್ಳೆಯ 60/55 ವಾಟಿನ ಬಲ್ಬು ಹಾಕಿದರೆ ಸಾಕು. ರಿಲೇ ಇಲ್ಲದೆ 100 ವಾಟ್ ಹಾಕಿಸಿದರೆ ವೈರು, ಹೋಲ್ಡರು ಕರಗುತ್ತವೆ. ಅಂದ ಹಾಗೆ ಗದಗದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ ಇದ್ದರೆ ಹೋಗುವಾಗಲೂ ಬರುವಾಗಲೂ ಸೂರ್ಯ ಬೆನ್ನಿಗೆ. ಉಲ್ಟಾ ಓಡಾಡುವವರು ಮುಂದಿನ ಗಾಜಿನ ಗೀರುಗಳನ್ನು ಚೌಕಾಸಿಯಲ್ಲಿ ಸೇರಿಸಲಿ.

ಸುಗ್ಗಿ ಬಂದರೆ ಹಳ್ಳಿ ರಸ್ತೆಗಳ ಮೇಲೆ ಹುರುಳಿ, ಜೋಳ ಒಕ್ಕಲು ಹಾಕುತ್ತಾರೆ. ಬಳ್ಳಿ, ಹೊಟ್ಟು ಡ್ರೈವ್ ಶಾಫ್ಟಿಗೆ ಸುತ್ತಿಕೊಂಡು ಆಕ್ಸಲ್ ಬೂಟು ಹರಿಯುತ್ತದೆ, ಬಿಸಿ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುವುದೂ ಉಂಟು. ಅಂಥ ರಸ್ತೆ ದಾಟಿದ ದಿನ ಮನೆ ಮುಟ್ಟುವ ಮೊದಲೇ ನಿಲ್ಲಿಸಿ ಬಗ್ಗಿ ನೋಡಿ. ಒಂದು ಚಿಕ್ಕ ಕುಡುಗೋಲು ಡಿಕ್ಕಿಯಲ್ಲಿ ಇಟ್ಟುಕೊಂಡರೆ ಸುತ್ತಿದ್ದನ್ನು ಕೊಯ್ದು ತೆಗೆಯಲು ಐದು ನಿಮಿಷ.