ಗದ್ದಲ ಬೇರೆ, ಸ್ಪ್ಯಾಮ್ ಬೇರೆ: ಆರ್‌ಸಿಬಿ ಗ್ರೂಪಿನ ಅಡ್ಮಿನ್‌ಗಳಿಗೆ

ವಿಕೆಟ್ ಬಿದ್ದ ಕೂಡಲೇ ಒಬ್ಬ ಹುಡುಗ "ಈ ಸಲ ಕಪ್ ನಮ್ದೇ" ಅಂತ 15 ಸಲ ಹಾಕಿದ. ಇನ್ನೊಬ್ಬ ಇಡೀ ತಿಂಗಳಲ್ಲಿ ಒಂದೇ ಮೆಸೇಜು ಹಾಕಿದ: "ಟಾಸ್ ಯಾರಿಗೆ ಅಂತ ಮೊದಲೇ ಗೊತ್ತಾಗಬೇಕಾ? ನನ್ನ ಬಯೋ ನೋಡಿ." ಹೊಸ ಅಡ್ಮಿನ್ ಮೊದಲನೆಯವನನ್ನು ಆಚೆ ಹಾಕುತ್ತಾನೆ, ಎರಡನೆಯವನು ಅವನ ಕಣ್ಣಿಗೇ ಬೀಳುವುದಿಲ್ಲ. ಆಗಬೇಕಾದದ್ದು ಇದರ ಉಲ್ಟಾ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಕಪ್ ಎತ್ತಿದಾಗ ಯಾವ ಗ್ರೂಪು ತಾನೇ ಸುಮ್ಮನಿತ್ತು? ಅದು ಗದ್ದಲ. ಗದ್ದಲಕ್ಕೆ ಕಡಿವಾಣ ಸಾಕು. ಸ್ಪ್ಯಾಮನ್ನು, ಅಂದರೆ ಎರಡನೆಯವನಂತೆ ಜನರನ್ನು ಬಲೆಗೆ ಎಳೆಯುವ ಮೆಸೇಜನ್ನು, ಬೇರು ಸಮೇತ ಕೀಳಬೇಕು.

ಮೆಸೇಜುಗಳ ಲೆಕ್ಕ ಬಿಟ್ಟು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಒಂದಕ್ಷರ ಬದಲಿಸದೆ ಚೆನ್ನೈ ಅಭಿಮಾನಿಗಳ ಗ್ರೂಪಿಗೋ ಅಡಿಕೆ ಧಾರಣೆಯ ಗ್ರೂಪಿಗೋ ಹಾಕಿದರೂ ನಡೆಯುತ್ತದೆಯೇ? ಓದಿದವರನ್ನು ಗ್ರೂಪಿನಿಂದ ಆಚೆಗೆ, ಅಂದರೆ ಲಿಂಕಿಗೋ ಡಿಎಂಗೋ (ಖಾಸಗಿ ಮೆಸೇಜಿಗೋ) ಯುಪಿಐಗೋ, ಎಳೆಯುತ್ತಿದೆಯೇ? ಹಾಕಿದವರಿಗೆ ಇಲ್ಲಿ ಹಿಂದಿನ ಮಾತುಕತೆ ಏನೂ ಇಲ್ಲವೇ? ಎರಡಕ್ಕೆ ಹೌದು ಅಂತ ಬಂದರೆ ತೆಗೆಯಿರಿ. ಒಂದಕ್ಕೆ ಮಾತ್ರ ಬಂದರೆ ಕಾದು ನೋಡಿ. "ಗುಡ್ ಮಾರ್ನಿಂಗ್" ಚಿತ್ರ ಯಾವ ಗ್ರೂಪಿಗಾದರೂ ಹೊಂದುತ್ತದೆ. ತಲೆನೋವು ನಿಜ, ಆದರೆ ಸ್ಪ್ಯಾಮ್ ಅಲ್ಲ.

ಒಂದು ಮಾದರಿ ನೋಡೋಣ. "ಗುರು, ನಾಳೆ ಚಿನ್ನಸ್ವಾಮಿ ಮ್ಯಾಚಿಗೆ 2 ಟಿಕೆಟ್ ಇದೆ, ಅಮ್ಮಂಗೆ ಹುಷಾರಿಲ್ಲ, ಬರೋಕಾಗ್ತಿಲ್ಲ. ತಗೊಂಡ ರೇಟಿಗೇ ಕೊಡ್ತೀನಿ. ಅರ್ಧ ಮುಂಗಡ, ಡಿಎಂ ಬನ್ನಿ." ಮೊದಲ ಪ್ರಶ್ನೆಯಲ್ಲಿ ಇದು ಪಾಸು, ಏಕೆಂದರೆ ನಮ್ಮ ಗ್ರೂಪಿಗೇ ಹೇಳಿಸಿದ ಮಾತು. ಸಿಕ್ಕಿಬೀಳುವುದು ಉಳಿದೆರಡರಲ್ಲಿ: ನಿನ್ನೆ ಸೇರಿದ ಖಾತೆ, ಹಿಂದೆ ಒಂದು ಮಾತೂ ಆಡಿಲ್ಲ, ವ್ಯವಹಾರವೆಲ್ಲ ಡಿಎಂನಲ್ಲಿ. ಜೊತೆಗಿರುವ ಟಿಕೆಟ್ ಫೋಟೋದಿಂದ ಏನೂ ಸಾಬೀತಾಗುವುದಿಲ್ಲ. ಒಂದೇ ಫೋಟೋ ತೋರಿಸಿ 10 ಜನರಿಂದ ಮುಂಗಡ ಕೀಳಬಹುದು. ಟಿಕೆಟ್ ಅಸಲಿಯೋ ನಕಲಿಯೋ ಅಂತ ಅಡ್ಮಿನ್ ಪರೀಕ್ಷಿಸಲು ದಾರಿಯಿಲ್ಲ. ಆದ್ದರಿಂದ ಟಿಕೆಟ್ ಮಾರಾಟ ಪೂರ್ತಿ ಬಂದ್ ಅಂತ ಪಿನ್ ಮಾಡಿ. ನಿಯತ್ತಿನ ನಾಲ್ವರಿಗೆ ಬೇಜಾರಾಗುತ್ತದೆ, ಆಗಲಿ.

ಬೆಟ್ಟಿಂಗ್ ಆ್ಯಪಿನ ರೆಫರಲ್ ಕೋಡನ್ನು ಹಳೇ ಸದಸ್ಯರೇ ಹಾಕಿದರೂ ಬಿಡಬೇಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಹಣ ಕಟ್ಟಿ ಆಡುವ ಆಟಗಳ ಜಾಹೀರಾತಿಗೂ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

ಪದ ಹಿಡಿಯುವ ಬಾಟ್, ಅಂದರೆ ನೀವು ಕೊಟ್ಟ ಪದ ಕಂಡ ಮೆಸೇಜನ್ನು ತಾನೇ ಅಳಿಸುವ ಪ್ರೋಗ್ರಾಂ, ಹಾಕುವವರು ಇಲ್ಲಿ ಸ್ವಲ್ಪ ನಿಲ್ಲಿ. ಕನ್ನಡದಲ್ಲಿ ಅರ್ಧ ಪದ ಕೊಟ್ಟರೆ ಅನಾಹುತ. "ಬೆಟ್" ತಡೆದರೆ ನಂದಿ ಬೆಟ್ಟಕ್ಕೆ ಹೋದವನ ಫೋಟೋ ಮಾಯ. "ಟಿಪ್" ತಡೆದರೆ ಟಿಪ್ಪು, "ಆಪ್" ತಡೆದರೆ ಆಪ್ತರೆಲ್ಲ ಹೋಗುತ್ತಾರೆ. ಇಷ್ಟಾದರೂ ನಿಜವಾದ ಸ್ಪ್ಯಾಮಿಗ "ಬೆ.ಟ್ಟಿಂ.ಗ್" ಅಂತ ಚುಕ್ಕಿ ಹಾಕಿಯೋ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೋ ನುಸುಳುತ್ತಾನೆ. ಪೂರ್ತಿ ಪದವನ್ನೇ ಕೊಡಿ, ಬೆಟ್ಟಿಂಗ್, ಬೆಟಿಂಗ್ ಎರಡೂ ಕಾಗುಣಿತ ಸೇರಿಸಿ. ಮೊದಲ ವಾರ ಬಾಟ್ ಅಳಿಸುವುದು ಬೇಡ, ಅಡ್ಮಿನ್‌ಗಳಿಗೆ ತಿಳಿಸಿದರೆ ಸಾಕು. ಪದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಇನ್ನೊಂದು ನಿಯಮ: ಸೇರಿ 3 ದಿನ ಆಗುವವರೆಗೆ ಲಿಂಕೂ ಇಲ್ಲ, ಫಾರ್ವರ್ಡೂ ಇಲ್ಲ.

ಮ್ಯಾಚಿನ ದಿನದ ಗದ್ದಲಕ್ಕೆ ಟೆಲಿಗ್ರಾಂನಲ್ಲಿ ಸ್ಲೋ ಮೋಡ್ ಇದೆ: ಒಂದು ಮೆಸೇಜ್ ಹಾಕಿದವರು ಇನ್ನೊಂದು ಹಾಕಲು ನೀವಿಟ್ಟಷ್ಟು ಹೊತ್ತು ಕಾಯಬೇಕು. ಟಾಸ್ ಹೊತ್ತಿಗೆ 30 ಸೆಕೆಂಡಿಗೆ ಇಟ್ಟು, ಮ್ಯಾಚ್ ಮುಗಿದು ಅರ್ಧ ಗಂಟೆಗೆ ತೆಗೆಯಿರಿ. 5 ನಿಮಿಷಕ್ಕೆ ಇಟ್ಟರೆ ಕೊನೆಯ ಓವರಿನಲ್ಲಿ ಗ್ರೂಪು ಸ್ಮಶಾನ. ಸ್ಟಿಕ್ಕರ್ ಮತ್ತು ಜಿಫ್ ಅನುಮತಿಯನ್ನು ಬೇರೆಯಾಗಿ ಮುಚ್ಚಬಹುದು. ಎಷ್ಟೋ ಸಲ ಅಷ್ಟೇ ಸಾಕು. ವಾಟ್ಸಾಪಿನಲ್ಲಿ ಸ್ಲೋ ಮೋಡ್ ಇಲ್ಲ. ಅಲ್ಲಿರುವುದು ಅಡ್ಮಿನ್‌ಗಳಷ್ಟೇ ಬರೆಯುವ ಬೀಗ, ಅದನ್ನು ಮ್ಯಾಚಿನ ನಡುವೆ ಹಾಕಿದರೆ ಬೈಸಿಕೊಳ್ಳುವುದು ಗ್ಯಾರಂಟಿ.

ನಿಜವಾಗಿ ತಲೆ ತಿನ್ನುವುದು ನಡುವಿನವು. ಸದಸ್ಯನೊಬ್ಬ ತನ್ನ ಯೂಟ್ಯೂಬ್ ಚಾನೆಲಿನ ಲಿಂಕ್ ಹಾಕುತ್ತಾನೆ. ವಾರಕ್ಕೆ 1 ಲಿಂಕ್, ಜೊತೆಗೆ ಒಳಗೇನಿದೆ ಅಂತ 2 ಸಾಲು, ಹಾಕಿದ ಮೇಲೆ ಪ್ರಶ್ನೆಗಳಿಗೆ ಉತ್ತರ: ಇಷ್ಟಿದ್ದರೆ ಅವನು ನಮ್ಮವನೇ. ಬರೀ ಲಿಂಕ್ ಎಸೆದು ಓಡಿದರೆ ಸ್ಪ್ಯಾಮ್. "ತುರ್ತು ರಕ್ತ ಬೇಕು" ಅನ್ನುವುದರಲ್ಲಿ ಆಸ್ಪತ್ರೆ, ತಾರೀಕು, ಫೋನ್ ನಂಬರ್ ಮೂರೂ ಇವೆಯೇ ನೋಡಿ, ಒಬ್ಬ ಅಡ್ಮಿನ್ ಆ ನಂಬರಿಗೆ ಕರೆ ಮಾಡಿ, ಸರಿಯಿದ್ದರೆ 24 ಗಂಟೆ ಪಿನ್ ಮಾಡಿ ಆಮೇಲೆ ಅಳಿಸಿ. ತಾರೀಕಿಲ್ಲದ ಕೋರಿಕೆ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಇನ್ನು ಬೌಲಿಂಗ್ ಸರಿಯಿಲ್ಲ ಅಂತ ದಿನಾ ಗೊಣಗುವವನು ಬೋರು ಹೊಡೆಸುತ್ತಾನೆ, ಅಷ್ಟೇ. ಅವನ ಬಾಯಿ ಮುಚ್ಚಿಸಲು "ಸ್ಪ್ಯಾಮ್" ಅಂದಿರೋ, ಆ ಪದಕ್ಕೆ ಗ್ರೂಪಿನಲ್ಲಿ ಬೆಲೆ ಹೋಯಿತು. ಕಾಲೆಳೆಯಲು ಬರುವ ಚೆನ್ನೈ ಅಭಿಮಾನಿಗೂ ಇದೇ ಮಾತು. ಅವನು ಬೈದರೆ ಬೈಗುಳದ ನಿಯಮ ಹಾಕಿ.

ಮೂರು ವರ್ಷದ ಹಳೇ ಸದಸ್ಯ ಮಧ್ಯರಾತ್ರಿ ಇದ್ದಕ್ಕಿದ್ದಂತೆ ಕ್ರಿಪ್ಟೋ ಲಿಂಕ್ ಹಾಕಿದರೆ ಬ್ಯಾನ್ ಮಾಡಬೇಡಿ. ಖಾತೆ ಬೇರೆಯವರ ಕೈಗೆ ಹೋಗಿರುತ್ತದೆ. ಮ್ಯೂಟ್ ಮಾಡಿ, ಲಿಂಕ್ ಅಳಿಸಿ, ಫೋನ್ ಮಾಡಿ. ಟೆಲಿಗ್ರಾಂ ಸೆಟ್ಟಿಂಗ್ಸ್‌ನಲ್ಲಿ ಡಿವೈಸಸ್ ತೆರೆದು ಉಳಿದ ಸೆಷನ್‌ಗಳನ್ನೆಲ್ಲ ಮುಗಿಸಲು, ಟೂ-ಸ್ಟೆಪ್ ವೆರಿಫಿಕೇಶನ್ ಹಾಕಲು ಹೇಳಿ. ಆಮೇಲೆ ಮ್ಯೂಟ್ ತೆಗೆಯಿರಿ.

ಉಳಿದವರಿಗೆ ಮೊದಲ ಸಲ ಅಳಿಸಿ ಒಂದು ಸಾಲಿನ ಕಾರಣ, ಎರಡನೇ ಸಲ 24 ಗಂಟೆ ಮ್ಯೂಟ್, ಮೂರನೇ ಸಲ ಬ್ಯಾನ್. ಟಿಕೆಟ್ ಮೋಸಕ್ಕೂ ಬೆಟ್ಟಿಂಗ್ ದಂಧೆಯ ಹೊಸ ಖಾತೆಗೂ ಈ ಮೆಟ್ಟಿಲಿಲ್ಲ, ನೇರ ಬ್ಯಾನ್. ಆದರೆ ಅಳಿಸುವ ಮೊದಲು ಯೂಸರ್‌ನೇಮ್, ಯುಪಿಐ ಐಡಿ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಯಾರಾದರೂ ಆಗಲೇ ದುಡ್ಡು ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ. ಅಲ್ಲಿ ಕೇಳುವುದು ಇದೇ ವಿವರ. ಅಡ್ಮಿನ್‌ಗಳು ಮಾಡಿದ್ದನ್ನು ತೋರಿಸುವ ಟೆಲಿಗ್ರಾಂನ ರೀಸೆಂಟ್ ಆ್ಯಕ್ಷನ್ಸ್ ಪಟ್ಟಿಯಲ್ಲಿ 48 ಗಂಟೆಗಿಂತ ಹಿಂದಿನದು ಸಿಗುವುದಿಲ್ಲ. ಹಾಗಾಗಿ ಯಾರನ್ನು, ಯಾಕೆ, ಯಾವ ಅಡ್ಮಿನ್ ತೆಗೆದರು ಅನ್ನುವುದನ್ನು ಅಡ್ಮಿನ್‌ಗಳ ಗ್ರೂಪಿನಲ್ಲಿ ಅವತ್ತೇ ಒಂದು ಸಾಲು ಬರೆದಿಡಿ.