ರಾತ್ರಿ ನೀರು ಕಟ್ಟಾಕ ಹೋಗೋರು ಬ್ಯಾಟರಿನ ಬಡಿಗಿ ಕೆಳಗಡೆ ಕಟ್ರಿ

ಗಂಗಾವತಿ, ಸಿಂಧನೂರು ಕಡೆ ರಾತ್ರಿ ಗದ್ದಿ ಬದುವಿನ ಮ್ಯಾಲೆ ಓಡಾಡೋರು ದಾರಿಯಾಗಿನ ಹಾವು ಕಾಣಬೇಕಂದ್ರ ಬ್ಯಾಟರಿನ ತಲೆಗೆ ಕಟ್ಟಬ್ಯಾಡ್ರಿ. ಐದಡಿ ಬಡಿಗಿ ತುದಿಗೆ, ಕೆಳಮಗ್ಗುಲಿಗೆ ಕಟ್ರಿ. ಬಡಿಗಿನ ಸೊಂಟದ ಮಟ್ಟಕ್ಕ ಹಿಡಿದು ತುದಿ ನೆಲದಿಂದ ಒಂದಡಿ ಮ್ಯಾಲಿರೋ ಹಂಗ ಮುಂದಕ್ಕ ಚಾಚಿದ್ರ ಬೆಳಕು ಓರೆಯಾಗಿ ಬೀಳತೈತಿ. ಒಣಹುಲ್ಲಿನ ಬಣ್ಣಕ್ಕ ಬೆರೆತು ಮಲಗಿರೋ ಕೊಳಕುಮಂಡಲ ಹಾವಿಗೂ ಉದ್ದನ ನೆರಳು ಬಿದ್ದು ಎದ್ದು ಕಾಣತೈತಿ. ತಲೆ ಮ್ಯಾಲಿನ ಬೆಳಕಿನಾಗ ನೆರಳು ಆ ವಸ್ತುವಿನ ಹಿಂದೇ ಅಡಗತೈತಿ, ನೆಲ ಎಲ್ಲಾ ಒಂದೇ ಸಮ ಕಾಣತೈತಿ. ಮ್ಯಾಲೆ ಹುಳ ಬ್ಯಾರೆ ಮುಖಕ್ಕ ಬಡೀತಾವು. ಬಡಿಗಿ ಮ್ಯಾಲುಗಡೆ ಕಟ್ಟಿದ್ರ ಬಡಿಗಿದೇ ನೆರಳು ದಾರಿಗೆ ಬೀಳತೈತಿ, ಅದಕ್ಕೇ ಕೆಳಮಗ್ಗುಲು. ಬ್ಯಾಟರಿ ಮುಖ ತುದಿಯಿಂದ ನಾಲ್ಕು ಬೆರಳಷ್ಟೇ ಹಿಂದಿರಲಿ: ತುದಿಗೇ ಬಂದ್ರ ನೆಲ ತಟ್ಟುವಾಗ ಗಾಜು ಒಡೀತೈತಿ, ಒಂದು ಗೇಣು ಹಿಂದಾದ್ರ ಬಡಿಗಿ ತುದಿ ಬೆಳಗಿ ಕಣ್ಣು ಕುಕ್ಕತೈತಿ. ಕಟ್ಟಾಕ ಹಳೇ ಸೈಕಲ್ ಟ್ಯೂಬಿನ ಎರಡು ಪಟ್ಟಿ ಸಾಕು, ಜಗ್ಗಿ ಮೂರ್ನಾಲ್ಕು ಸುತ್ತು. ಎಲ್‌ಇಡಿ ಬ್ಯಾಟರಿ ತಲೆಭಾಗ ಬಿಸಿ ಆಗತೈತಿ, ಅಲ್ಲಿ ಟ್ಯೂಬ್ ಸುತ್ತಬ್ಯಾಡ್ರಿ. ಬ್ಯಾಟರಿ ಗುಂಡಿ ಕೈಗೆ ಸಿಗಂಗಿಲ್ಲ, ಹೊಂಡೂದಕ್ಕ ಮೊದಲೇ ಹಚ್ಚಿಕೊಳ್ರಿ. ಇದು ಎಲ್ಲಾ ಕಡೆ ನಡೆಯಂಗಿಲ್ಲ. ಮೊಣಕಾಲುದ್ದ ಬೆಳೆದ ನೆಲ್ಲಿನಾಗ ಬೆಳಕು ಮೊದಲನೇ ಸಾಲಿಗೇ ತಡೀತೈತಿ, ಅಲ್ಲಿ ಬಡಿಗಿ ಎತ್ತಿ ಮ್ಯಾಲಿಂದ ಬಿಡ್ರಿ. ಬ್ಯಾಸಗಿಯಾಗ ಬಿರುಕು ಬಿಟ್ಟ ಎರಿ ಹೊಲದಾಗಂತೂ ಪ್ರತಿ ಬಿರುಕೂ ಹಾವಿನಂಗ ಕಾಣತೈತಿ, ಅಲ್ಲಿ ನೆರಳು ನಂಬಬ್ಯಾಡ್ರಿ. ಗಮ್‌ಬೂಟ್ ಅಂತೂ ಬಿಡಾಂಗಿಲ್ಲ.